ಕೆನೆ ಬಣ್ಣವೋ, ಮಂಕು ಹಸಿರೋ

"ಗ್ವಾಡಿಗೆ ಯಾವ ಬಣ್ಣ ಹಚ್ಚಿಸ್ಲಿ? ನೀವ ಹೇಳ್ರಿ."

ಹೆಣ್ಣು ನೋಡಲು ಬಂದ ಗಂಡು ಕೇಳುವ ಮಾತೇ ಇದು? ಪಂಪಮ್ಮ ಬೆಚ್ಚಿ ತಲೆಯೆತ್ತಿದಳು.

ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯ ಹೊಸ ಮನೆ ಕಟ್ಟಿಸುತ್ತಿದ್ದ. ಮದರಾಸಿನಿಂದ ತರಿಸಿದ ಬಣ್ಣವನ್ನು ಎರಡು ಹಲಗೆ ತುಂಡುಗಳಿಗೆ ಬಳಿದು ಮಲಪನಗುಡಿಯ ಅವಳ ಮನೆಯವರೆಗೂ ಹೊತ್ತು ತಂದಿದ್ದ. ಒಂದು ತಿಳಿ ಕೆನೆ ಬಣ್ಣ, ಇನ್ನೊಂದು ಮಂಕು ಹಸಿರು. ಅವನ ಮನೆಯವರಿಗೆಲ್ಲ ಕೆನೆಯೇ ಒಪ್ಪಿಗೆಯಂತೆ. ಆದರೆ ಅಲ್ಲಿ ಬಾಳುವವಳನ್ನು ಕೇಳದೆ ಹಚ್ಚಿಸುವುದು ಅವನಿಗೆ ಸರಿ ಕಾಣಲಿಲ್ಲವಂತೆ.

ಎಂಥ ಮನುಷ್ಯ ಇವರು... ಅವಳ ಮನಸ್ಸು ಅಲ್ಲೇ ಸೋತಿತು. ಮರುಕ್ಷಣವೇ ಭಯವೂ ಹತ್ತಿತು.

ಕಣ್ಣುಬೇನೆ ಬಂದು ಹೋದಾಗಿನಿಂದ ಅವಳಿಗೆ ಬೆಳಕಿನ ಝಳ ತಡೆಯಲಾಗುತ್ತಿರಲಿಲ್ಲ. ಬಿಳಿ ಗೋಡೆಗೆ ಬಿಸಿಲು ಬಿದ್ದರೆ ಸಾಕು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈ ವಿಷಯ ಗೊತ್ತಾಗಿಯೇ ಹಿಂದಿನ ಸಂಬಂಧ ಮುರಿದಿತ್ತು. ಈ ಸಲ ಬಾಯಿ ಬಿಡಬೇಡವೆಂದು ಸೋದರತ್ತೆ ಸುಂಕಮ್ಮ ಆಣೆ ಮಾಡಿಸಿಕೊಂಡಿದ್ದಳು. ಹಸಿರು ಎಂದರೆ, ಯಾಕೆ ಎಂದು ಕೇಳುತ್ತಾರೆ...

"ಕೆನಿ ಬಣ್ಣಾನ ಇರ್ಲಿರಿ."

ಕೊಟ್ರಯ್ಯನ ಮುಖ ಅರಳಿತು. ಪಡಸಾಲೆಗೆ ಮೂಡಣ ದಿಕ್ಕಿನಲ್ಲಿ ದೊಡ್ಡ ಕಿಟಕಿ ಇಡಿಸಿದ್ದನ್ನು, ಬೆಳಗಾದರೆ ಮನೆಯೆಲ್ಲ ಫಳಫಳ ಹೊಳೆಯುವುದನ್ನು ಸಂಭ್ರಮದಿಂದ ಹೇಳತೊಡಗಿದ. ಅವಳಿಗೆ ಕೇಳಲಾಗಲಿಲ್ಲ. ಇಷ್ಟು ನಂಬಿ ಕೇಳಿದವನಿಗೆ ಸುಳ್ಳು ಹೇಳಿ, ದಿನಾ ಬೆಳಿಗ್ಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಳುವುದು ಹೇಗೆ?

"ಸುಳ್ಳು ಹೇಳಿದೆರಿ... ನನ್ನ ಕಣ್ಣಿಗೆ ಬೆಳಕು ಆಗಿಬರಂಗಿಲ್ಲ. ಹಸಿರು ಇದ್ರ ತಡಕಂತೀನಿ. ಇಂಥಾಕಿ ಬ್ಯಾಡ ಅನ್ನಿಸಿದ್ರ ಈಗ್ಲೆ ಹೇಳಿ ಹೋಗ್ರಿ."

ಸುಂಕಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ನೆಲ ನೋಡುತ್ತ ಕುಳಿತ. ಕೊಟ್ರಯ್ಯ ಎದ್ದು, ಹಲಗೆಗಳನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದ.

ಮುಗಿಯಿತು, ಎಂದುಕೊಂಡಳು ಪಂಪಮ್ಮ. ಸಂಬಂಧ ತಪ್ಪಿತೆಂದಲ್ಲ, ಇವರನ್ನು ಕಳೆದುಕೊಂಡೆನಲ್ಲ ಎಂದು ದುಃಖ ಉಕ್ಕಿ ಬಂತು. ತಡೆದುಕೊಂಡಳು.

ಅವನು ಕೆನೆ ಬಣ್ಣದ ಹಲಗೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಹಸಿರಿನದನ್ನು ಹಿಡಿದು ಮರಳಿ ಬಂದು ಕುಳಿತ.

"ಅಡಿಗಿಮನಿಗೂ ಹಸಿರ ಹಚ್ಚಿಸ್ತೀನಿ. ಅಲ್ಲೂ ನೀವ ಇರ್ತೀರಲ್ಲ."

ಪಂಪಮ್ಮ ಅವನ ಕೈಯಲ್ಲಿದ್ದ ಹಸಿರು ಹಲಗೆಯನ್ನೇ ನೋಡಿದಳು.

"ಅಲ್ಲಿ ಹೊಗಿಗೆ ಕರ್ರಗಾಗ್ತತ್ರಿ..."

"ಆಗ್ಲಿ ಬಿಡ್ರಿ. ವರ್ಷಾ ವರ್ಷಾ ಹಚ್ಚಿಸೋಣು."