ಏಳು ತಿಂಗಳ ರಿಪೇರಿ

ಶನಿವಾರ ಬೆಳಿಗ್ಗೆ ಸುದರ್ಶನ್ ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್ ಗೇಟಿನವರೆಗೆ ಬಂದು, ಒಳಗೆ ಹೋಗದೆ ಎರಡು ಸಲ ಹಿಂದೆ ಸರಿದ. ಜೇಬಿನಲ್ಲಿ ಹೊಸ ಇಗ್ನಿಷನ್ ಸ್ವಿಚ್ ಇತ್ತು. ಅದನ್ನು ಇವತ್ತು ವೈಜಯಂತಿಯ ಕಾರಿಗೆ ಹಾಕಿಬಿಟ್ಟರೆ ಇನ್ನು ಈ ಗೇಟಿಗೆ ಬರಲು ಅವನಿಗೆ ಕಾರಣವೇ ಉಳಿಯುವುದಿಲ್ಲ. ಹಾಕದೆ ಇರುವ ಹಾಗೂ ಇಲ್ಲ. ಸೋಮವಾರ ಅವಳು ಅದೇ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಚಂಡೀಗಢಕ್ಕೆ ಹೊರಡುವವಳು. ಬಡ್ತಿಯ ಮೇಲೆ ವರ್ಗ, ಮೂರು ವರ್ಷ.

ಮೊನ್ನೆ ಫ್ಲೈಓವರ್ ಮೇಲೆ ಓಡುತ್ತಿದ್ದ ಕಾರು ತಾನಾಗಿಯೇ ಆಫ್ ಆಯಿತಂತೆ. ಹಿಂದಿನಿಂದ ಬಸ್ಸು ಬರುತ್ತಿತ್ತಂತೆ. ಅವಳು ನಗುತ್ತಲೇ ಹೇಳಿದ್ದಳು. ಕೇಳಿದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಯಾಕೆಂದರೆ ಕಾರಿನ ರೋಗ ಏನೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಜನವರಿಯಲ್ಲಿ ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮ ಮುಗಿಸಿ ಹೊರಟವನು, ಮಂಜಿನಲ್ಲಿ ಬಾನೆಟ್ ಎತ್ತಿ ನಿಂತಿದ್ದ ಅವಳನ್ನು ಕಂಡಿದ್ದ. ಬ್ಯಾಟರಿ ಸರಿಯಿತ್ತು, ಹಾರ್ನ್ ಜೋರಾಗಿತ್ತು, ಕೀ ತಿರುಗಿಸಿದರೆ ಮಾತ್ರ ಸ್ಟಾರ್ಟರಿನ ಸದ್ದೇ ಇಲ್ಲ. ಕೀಯನ್ನು ಒಂಚೂರು ಎಡಕ್ಕೆ ಅಲುಗಿಸಿದಾಗ ಎಂಜಿನ್ ಸ್ಟಾರ್ಟ್ ಆಯಿತು. ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಬದಲಾಯಿಸಿ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಓಖ್ಲಾದ ಗಾರ್ಮೆಂಟ್ ಕಾರ್ಖಾನೆಯ ನೂರಾರು ಹೊಲಿಗೆ ಯಂತ್ರಗಳನ್ನು ಸಂಭಾಳಿಸುವ ಎಂಜಿನಿಯರ್ ಮಹಾಶಯ, ಚಳಿಗೆ ಕೆಂಪಾದ ಅವಳ ಮೂಗು ನೋಡುತ್ತ, ವೈರಿಂಗ್ ತೊಂದರೆ, ಸ್ವಲ್ಪ ಟೈಮ್ ಹಿಡಿಯುತ್ತೆ ಎಂದುಬಿಟ್ಟ.

ಅಂದಿನಿಂದ ಇದೇ ಕೆಲಸ. ಸ್ವಿಚ್ ಬಿಚ್ಚಿ, ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕುವುದು. ಹತ್ತು ದಿನಕ್ಕೆ ಅದು ಮುನಿಸಿಕೊಳ್ಳುವುದು, ಅವಳು ಫೋನ್ ಮಾಡುವುದು. ಅವನು ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿದರೆ ಅವಳು ಟಾರ್ಚ್ ಹಿಡಿಯುತ್ತಿದ್ದಳು. ಬೆಳಕು ಸ್ವಿಚ್ಚಿನಿಂದ ಜಾರಿ ಆಗಾಗ ಅವನ ಕಿವಿಯ ಮೇಲೆ ನಿಲ್ಲುತ್ತಿತ್ತು. ತಿರುಗಿದರೆ ಅವಳು ಗೇಟಿನ ಪಕ್ಕದ ಬೇವಿನ ಮರ ನೋಡುತ್ತಿರುತ್ತಿದ್ದಳು.

ಆಮೇಲೆ ಅವನನ್ನು ಏಮ್ಸ್ ಬಸ್‌ಸ್ಟಾಪಿಗೆ ಬಿಡುತ್ತಿದ್ದಳು. ಅವಳ ಆಫೀಸಿದ್ದದ್ದು ಆರ್.ಕೆ. ಪುರಂನಲ್ಲಿ, ಪೂರ್ತಿ ಉಲ್ಟಾ ದಿಕ್ಕು. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

"ಗೇಟ್ ಕಾಯೋ ನೌಕರಿ ಸಿಕ್ತಾ?" ವೈಜಯಂತಿ ಮನೆಯಿಂದ ಕೆಳಗಿಳಿದು ಗೇಟಿಗೇ ಬಂದಿದ್ದಳು. ಕೂದಲು ಇನ್ನೂ ಒದ್ದೆ, ಕೈಯಲ್ಲಿ ಅದೇ ಟಾರ್ಚ್.

ಅವನು ಕಾರಿನ ಹತ್ತಿರ ಹೋಗಿ, ಬಾನೆಟ್ ಎತ್ತಿ ಬ್ಯಾಟರಿಯ ವೈರ್ ಕಳಚಿದ. ಇವತ್ತು ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ಅವಳು ಬಗ್ಗಿ ಎತ್ತಿಕೊಟ್ಟಾಗ ಬೆರಳಿಗೆ ಬೆರಳು ತಾಕಿ, ಮೂರನೆಯ ಸಲವೂ ಬಿತ್ತು. ಅಷ್ಟರಲ್ಲಿ ಮೇಲೆ ಫೋನ್ ರಿಂಗಾಯಿತು. ಸಾಮಾನು ಸಾಗಿಸುವವರದಿರಬೇಕು ಎನ್ನುತ್ತ ಅವಳು ಮೆಟ್ಟಿಲು ಹತ್ತಿದಳು.

ಇನ್ಸುಲೇಷನ್ ಟೇಪ್ ಹುಡುಕಲು ಅವನು ಡ್ಯಾಶ್‌ಬೋರ್ಡಿನ ಖಾನೆ ತೆರೆದ. ಟೇಪಿನ ಹಿಂದೆ ಹಿಂದಿ ಪೇಪರಿನಲ್ಲಿ ಸುತ್ತಿದ ಪೊಟ್ಟಣವಿತ್ತು. ಪೇಪರಿನ ಮೇಲೆ ಹೋಳಿ ಸೇಲಿನ ಜಾಹೀರಾತು. ಒಳಗೆ, ತನ್ನ ಜೇಬಿನಲ್ಲಿದ್ದಂಥದೇ ಹೊಸ ಸ್ವಿಚ್. ಈಗ ಆಗಸ್ಟ್ ತಿಂಗಳು. ಅವನು ಜೇಬಿನಿಂದ ತನ್ನದನ್ನೂ ತೆಗೆದ.

ಅವಳು ಬಂದಾಗ ಎರಡೂ ಸ್ವಿಚ್‌ಗಳು ಸೀಟಿನ ಮೇಲೆ ಪಕ್ಕಪಕ್ಕ ಇದ್ದವು. ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಆಮೇಲೆ ಬೇವಿನ ಮರ ನೋಡಿದಳು.

"ನೀವು ಮಾರ್ಚ್‌ನಲ್ಲಿ ಲೂಧಿಯಾನಕ್ಕೆ ಹೋಗಿದ್ರಲ್ಲ, ಆಗ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಭಯ್ಯಾ ಐದು ನಿಮಿಷದಲ್ಲಿ ಹೇಳಿದ, ಸ್ವಿಚ್ ಬದಲಾಯಿಸಿ ಅಂತ. ತಗೊಂಡೆ."

"ಹಾಕಿಸಲಿಲ್ಲ ಯಾಕೆ?"

"ಆ ಗುರುವಾರ ನೀವು ವಾಪಸ್ ಬರೋರಿದ್ರಿ."

ಅವನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಮರುಕ್ಷಣವೇ ಫ್ಲೈಓವರ್ ನೆನಪಾಯಿತು.

"ನನಗೆ ಜನವರಿಯಿಂದ್ಲೇ ಗೊತ್ತಿತ್ತು," ಎಂದ. "ಮೊನ್ನೆ ನಿಮಗೇನಾದ್ರೂ ಆಗಿದ್ರೆ..."

"ಅಚ್ಛಾ, ಆ ತಪ್ಪು ಇಬ್ಬರದೂ. ಆದ್ರೆ ಚಂಡೀಗಢಕ್ಕೆ ಹೂಂ ಅನ್ನೋ ಮುಂಚೆ ನೀವೇನಾದ್ರೂ ಹೇಳ್ತೀರಿ ಅಂತ ನಾನು ಹದಿನೈದು ದಿನ ಕಾದೆ, ಸುದರ್ಶನ್. ನೀವು ಬರೀ ವೈರಿಂಗ್ ಮಾತಾಡಿದ್ರಿ."

ಅವನು ಕಾರಿನಿಂದ ಇಳಿದು ನೇರ ನಿಂತ. "ಬಡ್ತಿ ಬಿಡಿ ಅನ್ನಲ್ಲ. ಹೋಗಿ. ಪ್ರತಿ ಶನಿವಾರ ನಾನೇ ಅಲ್ಲಿಗೆ ಬರ್ತೀನಿ, ಕಾರು ಚೆನ್ನಾಗಿದ್ರೂ ಬರ್ತೀನಿ. ನನಗೆ ನಿಮ್ಮನ್ನ ಮದುವೆ ಆಗಬೇಕು."

ಅವಳು ಪೇಪರಿನಲ್ಲಿದ್ದ ಸ್ವಿಚ್ ಎತ್ತಿ ಅವನ ಅಂಗೈಯಲ್ಲಿಟ್ಟಳು. ಕೈ ಬೇಗ ತೆಗೆಯಲಿಲ್ಲ. "ನಂದೇ ಹಾಕಿ. ಮೊದಲು ತಂದಿದ್ದು ನಾನು."

ಎರಡು ಸ್ಕ್ರೂ, ಒಂದು ಪ್ಲಗ್, ಹತ್ತು ನಿಮಿಷದ ಕೆಲಸ. ಅವಳು ಕೀ ತಿರುಗಿಸಿದಳು. ಮೊದಲ ಸಲಕ್ಕೇ ಎಂಜಿನ್ ಸ್ಟಾರ್ಟ್ ಆಯಿತು. ಆಫ್ ಮಾಡಿ, ಮತ್ತೆ ತಿರುಗಿಸಿದಳು. ಮತ್ತೆ ಸ್ಟಾರ್ಟ್ ಆಯಿತು.

"ಚಲೋ, ನೆಪ ಮುಗೀತು. ಈಗ ಮೇಲೆ ಬಂದು ಅಪ್ಪನಿಗೆ ಹೇಳಿ," ಎಂದಳು.

ಅವಳ ತಂದೆ ಅನಂತರಾಮರು ಕೇಂದ್ರ ಸಚಿವಾಲಯದ ಗುಮಾಸ್ತಗಿರಿಯಿಂದ ನಿವೃತ್ತರಾದವರು. ಕಟ್ಟಿದ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಮೂರು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು. ಸುದರ್ಶನ್ ಬಾಗಿಲಲ್ಲೇ ನಿಂತು, ಜನವರಿಯ ಸುಳ್ಳಿನಿಂದ ಹಿಡಿದು ಮದುವೆಯ ಮಾತಿನವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವರು ತಲೆ ಎತ್ತಲಿಲ್ಲ.

"ಒಂದು ಸ್ವಿಚ್ ಹಾಕೋಕೆ ಏಳು ತಿಂಗಳು ತಗೊಂಡೋನಿಗೆ ಮಗಳನ್ನ ಹೇಗಪ್ಪಾ ಕೊಡೋದು?"

ವೈಜಯಂತಿ ಬಂದು ಅವನ ಪಕ್ಕ ನಿಂತಳು.

"ಅಪ್ಪಾ, ಅದರಲ್ಲಿ ಐದು ತಿಂಗಳು ನಂದು."

ಅನಂತರಾಮರು ಮಗಳ ಮುಖ ನೋಡಿದರು. ಆಮೇಲೆ ಮೂರನೆಯ ಲೋಟವನ್ನು ಅವನ ಕಡೆಗೆ ಸರಿಸಿ, ಕೂರಲು ಒಂದು ಪೆಟ್ಟಿಗೆ ತೋರಿಸಿದರು.