ಖಾಲಿ ಸಾಕೆಟ್ಟಿನ ಏಳುನೂರೈವತ್ತು ವ್ಯಾಟ್

ನಂಬದವರು ಕತಾರಿನ ಅಲ್ ಖೋರ್ ಬಂದರಿಗೆ ಬಂದು ನಮ್ಮ ಜನರೇಟರಿನ ಮೀಟರ್ ನೋಡಲಿ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು, ಆದರೆ ಕೂಡಿಸಲು ಬರುತ್ತದೆ. ನಮ್ಮ ಮೀನಿನ ದೋಣಿಯಲ್ಲಿ ಫ್ರೀಜರಿಗೆ ಮುನ್ನೂರು ವ್ಯಾಟ್, ದೀಪಕ್ಕೆ ನಲವತ್ತು, ಕುಚ್ಚಲಕ್ಕಿ ಬೇಯಿಸುವ ಕುಕ್ಕರಿಗೆ ಐನೂರು. ಒಟ್ಟು ಎಂಟುನೂರ ನಲವತ್ತು. ಸಾವಿರ ವ್ಯಾಟಿನ ಜನರೇಟರ್ ಸಾಕೆಂದು ಹಟ ಹಿಡಿದು ತಂದೆ. ಇನ್ನೊಮ್ಮೆ ಮೀನು ಕೆಟ್ಟರೆ ದೋಣಿ ಬೇರೆಯವರಿಗೆ ಎಂದು ಮಾಲೀಕ ಹೇಳಿಬಿಟ್ಟಿದ್ದ.

ಮೊದಲ ದಿನವೇ, ಬೆಳಿಗ್ಗೆ ಹನ್ನೊಂದಕ್ಕೆ, ನಡುಸಮುದ್ರದಲ್ಲಿ ಲೋಡು ಹೆಚ್ಚಾಗಿ ಜನರೇಟರ್ ನಿಂತಿತು.

"ದೊಡ್ಡದು ತಗೊಳ್ಳುವ ಅಂತ ಹೇಳಿದ್ದೆ ಅಲ್ವಾ?" ಎಂದ ಜೊತೆಗಾರ ಫಾಯಿಝ್.

"ಬಾಯಿ ಮುಚ್ಚು ಮಾರಾಯ!"

ಎಲ್ಲ ಪ್ಲಗ್ ಕಿತ್ತು ಮತ್ತೆ ಚಾಲೂ ಮಾಡಿದೆ. ಏನನ್ನೂ ಜೋಡಿಸಿರಲಿಲ್ಲ, ಆದರೂ ಮೀಟರ್ ಏಳುನೂರೈವತ್ತು ತೋರಿಸುತ್ತಿತ್ತು. ಆ ಸುಡುಬಿಸಿಲಿನಲ್ಲೂ ಖಾಲಿ ಸಾಕೆಟ್ ಮಂಜುಗಡ್ಡೆಯಂತೆ ತಣ್ಣಗಿತ್ತು. ದೋಣಿಯ ಅಡಿಯಿಂದ ಮಿಕ್ಸಿ ತಿರುಗುವ ಸದ್ದು ಕೇಳಿಸಿತು. ಆಮೇಲೆ ತೆಂಗಿನಕಾಯಿ, ಮೆಣಸು, ಹುಳಿ ಅರೆದ ಪರಿಮಳ ಬಂತು.

"ಮೀನಿನ ಗಸಿಗೆ ಮಸಾಲೆ ಅರೀತಾ ಇದ್ದಾರೆ ಕಾಣ್ತದೆ," ಫಾಯಿಝ್ ಪಿಸುಗುಟ್ಟಿದ.

ನನಗೆ ಪಿತ್ತ ನೆತ್ತಿಗೇರಿತು. "ಯಾರ್ರೋ ಅದು, ನಮ್ಮ ಕರೆಂಟಲ್ಲಿ ಅರೆಯೋದು? ನಮಗೂ ಒಂದು ಪಾಲು ಕೊಡಿ!" ಎಂದು ನೀರಿಗೆ ಬಗ್ಗಿ ಬೊಬ್ಬೆ ಹೊಡೆದೆ.

ಮಿಕ್ಸಿ ಒಂದು ಕ್ಷಣ ನಿಂತಿತು. ಮತ್ತೆ ಇನ್ನೂ ಜೋರಾಗಿ ತಿರುಗಿತು.

ಸೋತು ಎರಡು ಸಾವಿರ ವ್ಯಾಟಿನದು ತಂದೆ. ಮೀನು ಕೆಡಲಿಲ್ಲ, ದೋಣಿ ಕೈತಪ್ಪಲಿಲ್ಲ. ಆದರೆ ನಿನ್ನೆ ನಮ್ಮದೆಲ್ಲ ಕಿತ್ತು ನೋಡಿದಾಗ ಮೀಟರಿನಲ್ಲಿದ್ದದ್ದು ಸಾವಿರದ ನೂರ ಅರವತ್ತು.

"ಎಂತ ಹೊಸತು ತಂದ್ರು ಇವರು?" ಎಂದ ಫಾಯಿಝ್.

ನಾನು ಕಳೆದು ನೋಡಿದೆ. ಎರಡು ಸಾವಿರದಲ್ಲಿ ನಮ್ಮ ಎಂಟುನೂರ ನಲವತ್ತು ಹೋದರೆ ಉಳಿಯುವುದು ಸರಿಯಾಗಿ ಅಷ್ಟೇ.