ಹಾಲೇಶಪ್ಪನವರ ಅಮೆರಿಕದ ಲಕೋಟೆಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೊಟ್ಟೂರು ಠಾಣೆಗೆ ಬಂದ ದೂರು ಪಿಎಸ್‌ಐ ಗೀತಾಂಜಲಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ದೂರು ತಂದವರು ಬಟ್ಟೆ ಅಂಗಡಿಯ ಹಾಲೇಶಪ್ಪನವರೇ; ಅವರ ಮನೆಯಲ್ಲಿ ಕಳವಾಗಿದೆ. ಚಿನ್ನ ಮುಟ್ಟಿಲ್ಲ, ನಗದು ಮುಟ್ಟಿಲ್ಲ. ಹೋಗಿರುವುದು ಒಂದು ಕಟ್ಟು ಹಳೆಯ ಲಕೋಟೆ.

"ಎಂಥ ಲಕೋಟಿ?"

"ಅಮೆರಿಕದ್ದು ಮೇಡಂ. ನೂರು ವರ್ಷದ ಮ್ಯಾಲಾಗ್ಯಾವ. ಕಾನ್ಸಾಸ್ ಅಂತ ಒಂದು ಸೀಮಿ ಐತಿ, ಅಲ್ಲಿ ಎಂದೋ ಮುಚ್ಚಿಹೋದ ಹಳ್ಳಿ ಅಂಚೆ ಕಚೇರಿ ಠಸ್ಸೆ ಅದಾವ ಅದರ ಮ್ಯಾಲೆ. ಮತ್ತ ಸಿಗಂಗಿಲ್ಲ."

ಹಾಲೇಶಪ್ಪನವರಿಗೆ ಅಮೆರಿಕದಲ್ಲಿ ನೆಂಟರಿಲ್ಲ, ಇಷ್ಟರಿಲ್ಲ. ಪ್ರಾಯದಲ್ಲಿ ಹಿಡಿದ ಹುಚ್ಚು, ಬಿಟ್ಟಿರಲಿಲ್ಲ. ಅಲ್ಲಿನ ಹಳೆಯ ಲಕೋಟೆ, ಪತ್ರ, ಅಂಚೆ ಠಸ್ಸೆಗಳನ್ನು ಹರಾಜಿನಲ್ಲಿ ಕೂಗಿ, ಬೇರೆ ಸಂಗ್ರಾಹಕರ ಜೊತೆ ಅದಲುಬದಲು ಮಾಡಿಕೊಂಡು ಕೂಡಿಸಿದ್ದರು. ಹೊಸ ಸೀರೆ ಮಾರಿ ಹಳೇ ಕಾಗದ ಕೊಳ್ಳುವ ಮನುಷ್ಯ ಎಂದು ಊರವರು ಬೆನ್ನ ಹಿಂದೆ ನಗುತ್ತಿದ್ದರು. ಈಗ ಅವರು ಒಂದೊಂದು ಲಕೋಟೆಯ ಊರು, ತಾರೀಖು ಬಾಯಿಪಾಠ ಹೇಳಿ ಬರೆಸುವುದನ್ನು ನೋಡಿ ಗೀತಾಂಜಲಿಗೆ ನಗು ಬರಲಿಲ್ಲ.

ವಾಸದ ಮನೆ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಮಾಳಿಗೆ ಕೋಣೆಯ ಬೀರುವಿನ ಬೀಗ ಒಡೆದಿರಲಿಲ್ಲ. ಉಳಿದ ಆಲ್ಬಂಗಳೆಲ್ಲ ಇದ್ದಲ್ಲೇ ಇದ್ದವು. ಕ್ಲಾರಾ ಎಂಬ ಒಬ್ಬಳೇ ಹೆಂಗಸು ಬರೆದ ಪತ್ರಗಳ ಕಟ್ಟು ಮಾತ್ರ ಮಾಯವಾಗಿತ್ತು.

"ಯಾರ ಮ್ಯಾಲಾದ್ರೂ ಸಂಶಯ?"

ಉತ್ತರ ಹಾಲೇಶಪ್ಪನವರ ಹೆಂಡತಿ ನಾಗರತ್ನಮ್ಮನಿಂದ ಬಂತು. "ಇನ್ಯಾರಿರ್ತಾರ್ರಿ? ಹುಲುಗಮ್ಮ. ದಿನಾ ಮಾಳಗಿ ಮ್ಯಾಲೆ ಕಸ ಹೊಡಿಯಾಕಿ ಆಕಿನಾ."

ಹುಲುಗಮ್ಮ ಬೆಳಿಗ್ಗೆ ಆ ಮನೆಯ ಕೆಲಸ ಮುಗಿಸಿ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುವವಳು. ಹೆಂಗಸನ್ನು ಠಾಣೆಗೆ ಕರೆಸದೆ ಗೀತಾಂಜಲಿ ಮನೆಗೇ ಹೋಗಿ ವಿಚಾರಿಸಿದಳು. ಕಾನೂನು ಹೇಳುವುದೂ ಅದನ್ನೇ. ಆದರೆ ಓಣಿಗೆ ಕಾನೂನು ಕಾಣುವುದಿಲ್ಲ, ಜೀಪು ಕಾಣುತ್ತದೆ.

"ನನಗ ಓದಾಕಾ ಬರಂಗಿಲ್ರಿ ಯವ್ವಾ. ಕಾಗದ ತಗೊಂಡು ಏನ್ ಮಾಡ್ಲಿ?"

ಮನೆಯಲ್ಲಿ ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಗೀತಾಂಜಲಿ ಠಾಣೆಗೆ ಬಂದಾಗ ಹುಲುಗಮ್ಮ ಮೆಟ್ಟಿಲ ಪಕ್ಕ ಕೂತಿದ್ದಳು. ಕೇಸು ಮುಗಿಯುವ ತನಕ ಬರಬೇಡ ಎಂದು ಶಾಲೆಯವರು ಹೇಳಿಕಳಿಸಿದ್ದರು.

"ಮಕ್ಕಳಿಗೆ ಅನ್ನ ನೀಡೋ ಕೆಲಸ ನಂದು. ಕಳ್ಳಿ ಅನ್ನಿಸ್ಕೊಂಡ್ರ ನನ್ನ ಕೈಲಿ ಯಾರು ನೀಡಿಸ್ಕೋತಾರ್ರಿ?"

ಅಷ್ಟರಲ್ಲಿ ಕೂಡ್ಲಿಗಿಯಿಂದ ಸರ್ಕಲ್ ಇನ್ಸ್‌ಪೆಕ್ಟರ್ ಫೋನು. "ಕೆಲಸದಾಕಿ ಮ್ಯಾಲೆ ಅನುಮಾನ ಐತಂತಲ್ಲ, ಇನ್ನೇನು ನೋಡ್ತೀರಿ? ನಾಳಿಯೊಳಗ ಮುಗಿಸ್ರಿ." ಸರಿ ಸರ್ ಎಂದಳು ಗೀತಾಂಜಲಿ. ಕಾನ್‌ಸ್ಟೆಬಲ್ ಭರತ್‌ನನ್ನು ಕರೆದುಕೊಂಡು ಮತ್ತೆ ಹಾಲೇಶಪ್ಪನವರ ಮನೆಗೆ ಹೋದಳು.

"ಬೀರುವಿನ ಕೀಲಿ ಎಲ್ಲಿಡ್ತೀರಿ?"

"ದೇವರ ಮನ್ಯಾಗ, ಜಗಲಿ ಹಿಂದಿನ ಗೂಡಿನ್ಯಾಗ," ಎಂದರು ನಾಗರತ್ನಮ್ಮ.

"ಹುಲುಗಮ್ಮ ಅಲ್ಲೂ ಕಸ ಹೊಡೀತಾಳ?"

ನಾಗರತ್ನಮ್ಮನಿಗೆ ಸಿಟ್ಟೇ ಬಂತು. "ಏನ್ ಕೇಳ್ತೀರಿ ಮೇಡಂ! ಇಷ್ಟು ವರ್ಷದಾಗ ಆಕಿನ್ನ ದೇವರ ಮನಿ ಹೊಸ್ತಿಲಾ ದಾಟಾಕ ಬಿಟ್ಟಿಲ್ಲ ನಾನು. ಒಳಗ ಏನೈತಿ ಅಂತ ಸೈತ ಆಕಿಗೆ ಗೊತ್ತಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ಹಾಲೇಶಪ್ಪ ತಲೆ ತಗ್ಗಿಸಿದರು. ಬರೆದುಕೊಳ್ಳುತ್ತಿದ್ದ ಭರತ್ ಪೆನ್ನು ನಿಲ್ಲಿಸಿ ಮೇಡಂ ಮುಖ ನೋಡಿದ.

"ಬರಿ ಭರತ್. ಅವರು ಹೇಳಿದ್ದು ಹೇಳಿದಂಗ ಬರಿ."

ಗೀತಾಂಜಲಿಗೆ ಸಿಟ್ಟು ಬಂತು. ಜೊತೆಗೇ ಸಮಾಧಾನವೂ ಆಯಿತು. ಇವರು ಬೆರಳು ತೋರಿಸಿದ್ದ ಹೆಂಗಸನ್ನು, ಕೀಲಿಯ ಹತ್ತಿರವೂ ಬಿಡದ ಇವರ ಮಡಿಯೇ ಬಿಡಿಸಿಕೊಟ್ಟಿತ್ತು.

"ಮನಿಯವರನ್ನ ಬಿಟ್ಟು ದೇವರ ಮನಿಗೆ ಯಾರು ಬರ್ತಾರ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೊನೆಗೆ ಹಾಲೇಶಪ್ಪ ಬಾಯಿಬಿಟ್ಟರು. "ಅಜ್ಜಯ್ಯ ಮೇಷ್ಟ್ರು. ಇಂಗ್ಲಿಷ್ ಕಲಿಸಿ ರಿಟೈರ್ ಆದೋರು. ಭಾನುವಾರ ಬಂದು ಇಲ್ಲೇ ಲಿಂಗಪೂಜಿ ಮಾಡ್ಕೊಂಡು, ಉಂಡು, ನನಗ ಈ ಪತ್ರ ಓದಿ ಹೇಳ್ತಿದ್ರು. ಆ ಹಳೇ ಕೂಡುಬರಹ ನನಗ ತಿಳಿಯಂಗಿಲ್ಲ. ಆದ್ರ ಅವರು ಅಂಥೋರಲ್ಲ ಮೇಡಂ."

"ಈಗೂ ಬರ್ತಾರ?"

"ಮದ್ಲಿನಂಗಿಲ್ಲ. ಈಗ ಫೋನಿನ್ಯಾಗ ಫೋಟೋ ಹೊಡದ್ರ ಅದಾ ಓದಿ ಕನ್ನಡದಾಗ ಹೇಳತೈತಿ. ಹೋದ ವಾರ ಸುಮ್ನ ಊಟಕ್ಕ ಕರದಿದ್ದೆ."

ಅಜ್ಜಯ್ಯ ಊರಿಗೆಲ್ಲ ಮೇಷ್ಟ್ರು. ಬರೀ ಅನುಮಾನದ ಮೇಲೆ ಬಾಗಿಲು ತಟ್ಟಿದರೆ ಊರು ತಿರುಗಿ ಬೀಳುತ್ತದೆ. ಸುಳಿವು ಸಿಕ್ಕಿ ಅವರು ಆ ಕಾಗದಗಳನ್ನು ಒಲೆಗೆ ಹಾಕಿದರೆ ಹುಲುಗಮ್ಮನ ಮೇಲಿನ ಮಾತು ಸಾಯುವವರೆಗೂ ಹೋಗುವುದಿಲ್ಲ. ಗೀತಾಂಜಲಿ ಜೀಪಿನಲ್ಲಿ ಕೂತು ಲೆಕ್ಕ ಹಾಕಿದಳು. ಮಡಿಸಿದ ಕಡೆ ಮುಟ್ಟಿದರೆ ಮುರಿಯುವ ಕಾಗದ ಎಂದಿದ್ದರು ಹಾಲೇಶಪ್ಪ. ಉಳಿದ ಆಲ್ಬಂ ಬಿಟ್ಟು ಪತ್ರಗಳನ್ನೇ ಒಯ್ದವನು ಓದುವುದಕ್ಕೇ ಒಯ್ದಿರಬೇಕು; ಅಂಥವನು ಅವನ್ನು ಉಳಿಸಿಕೊಳ್ಳಲು ನೋಡುತ್ತಾನೆ. ನಮ್ಮ ಕಡೆ ಕಾಗದ ಉಳಿಸುವುದಕ್ಕೆ ಎಲ್ಲರಿಗೂ ಗೊತ್ತಿರುವುದು ಒಂದೇ ದಾರಿ: ಮಾರ್ಕ್ಸ್ ಕಾರ್ಡಿರಲಿ, ಜಾತಿ ಪ್ರಮಾಣಪತ್ರವಿರಲಿ, ತೀರಿಕೊಂಡವರ ಫೋಟೋವಿರಲಿ, ಒಯ್ದು ಲ್ಯಾಮಿನೇಷನ್ ಮಾಡಿಸುವುದು.

"ಕೊಟ್ಟೂರಾಗ ಮಾಡಿಸಿರಂಗಿಲ್ಲ, ಎಲ್ಲಾರೂ ಗುರುತಿನೋರು," ಎಂದಳು. "ನೀ ಹರಪನಹಳ್ಳಿ ಜೆರಾಕ್ಸ್ ಅಂಗಡಿ ನೋಡು. ನಾ ಹಗರಿಬೊಮ್ಮನಹಳ್ಳಿಗೆ ಹೋಗ್ತೀನಿ."

ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಅಂಗಡಿಯವರು ತಲೆ ಅಲ್ಲಾಡಿಸಿದರು. ಮೂರನೆಯದು ಬಸ್ ನಿಲ್ದಾಣದ ಹಿಂದೆ, ಅರುಣಕುಮಾರ್ ಎಂಬಾತನದು.

"ಹೌದ್ರಿ ಮೇಡಂ, ಮೊನ್ನಿ ಒಬ್ರು ಹಿರೇರು ಬಂದಿದ್ರು, ಹಣಿ ತುಂಬ ಇಬತ್ತಿ. ಇಂಗ್ಲಿಷ್ ಪತ್ರ, ಲಕೋಟಿ ಸಮೇತ. ಮುರೀತಾವ, ಗಟ್ಟಿ ಮಾಡಿ ಕೊಡಪ್ಪಾ ಅಂದ್ರು. ಮಷೀನು ಬಿಸಿಯಾಗೋ ತನಕ ನಿಂತಲ್ಲೇ ಓದ್ತಿದ್ರು."

ಗೀತಾಂಜಲಿ ಮೊಬೈಲಿನಲ್ಲಿ ಅಜ್ಜಯ್ಯನವರ ಫೋಟೋ ತೋರಿಸಿದಳು. "ಇವರಾ ಬಂದಿದ್ದು," ಎಂದ. ಅಲ್ಲಿಯೇ ಹೇಳಿಕೆ ಬರೆಸಿಕೊಂಡಳು.

ಸಂಜೆ ಪಂಚರೊಂದಿಗೆ ಹೋದಾಗ ಅಜ್ಜಯ್ಯ ಮಂಚದ ಮೇಲೆ ಕೂತು ಓದುತ್ತಿದ್ದರು. ಬಚ್ಚಿಡಲು ಹೋಗಲಿಲ್ಲ. ಬರ್ರಿ ಎಂದು ಎದ್ದು ನಿಂತರು. ಜಪ್ತಿ ಪಂಚನಾಮೆಯ ನಡುವೆ, ವಸ್ತು ಗುರುತಿಸಲು ಬಂದ ಹಾಲೇಶಪ್ಪ ಒಂದನ್ನು ಕೈಗೆತ್ತಿಕೊಂಡು ಅಂಚಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಬಿಡಿಸಲು ನೋಡಿದರು.

"ಏನ್ ಮಾಡಿದ್ರಿ ಮೇಷ್ಟ್ರ? ಬಿಸಿ ಪ್ಲಾಸ್ಟಿಕ್ಕಿನ್ಯಾಗ ಹಾಕಿದ್ರ ಕಾಗದ ಸತ್ತಂಗ್ರಿ. ಇನ್ನ ಬಿಚ್ಚಾಕ ಬರಂಗಿಲ್ಲ!"

"ಮುರೀತಿದ್ವಲ್ಲೋ ಹಾಲೇಶಾ. ಉಳಿಸೀನಿ ಅನ್ಕೊಂಡೆ," ಎಂದರು ಅಜ್ಜಯ್ಯ. ಅವರ ಮುಖದ ಬಣ್ಣ ಇಳಿದುಹೋಯಿತು.

ಅವರನ್ನು ದಸ್ತಗಿರಿ ಮಾಡಿ ಠಾಣೆಗೆ ತಂದದ್ದು ಆರೂಕಾಲಿಗೆ. ಹೇಳಿಕೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

"ಕ್ಲಾರಾ ತನ್ನ ತಮ್ಮಗ ಬರದ ಪತ್ರ ಅವು. ಅವ ರೈಲು ಹಳಿ ಕೆಲಸಕ್ಕ ಹೋಗಿದ್ದ, ಕಾಲು ಜಜ್ಜಿತ್ತು. ಓದಿಕೊಂತ ಅರ್ಧಕ್ಕ ಬಂದಿದ್ವಿ. ಅಷ್ಟರಾಗ ಆ ಓದಿ ಹೇಳೋ ಫೋನು ಬಂತು. ಉಳಿದದ್ದು ಹಾಲೇಶ ಒಬ್ನಾ ಓದಿ ಮುಗಿಸಿದ. ಆ ಹುಡುಗ ಬದುಕಿದ್ನೋ ಇಲ್ಲೋ, ನನಗ ಹೇಳಲೂ ಇಲ್ಲ."

"ನೀವಾ ಕೇಳಬೇಕಿತ್ತಲ್ರಿ?"

"ಭಾನುವಾರ ಭಾನುವಾರ ಹಾದಿ ನೋಡ್ದೆ. ನಾನಾಗೇ ಹೋಗಿ ಕೇಳಾಕ ಮನಸ್ಸು ಒಪ್ಪಲಿಲ್ಲ."

"ಹುಲುಗಮ್ಮನ ಹೆಸರು ಬಂದದ್ದು ಗೊತ್ತಿತ್ತೇನ್ರಿ?"

"ಗೊತ್ತಾತು."

"ಆಮ್ಯಾಲೆ?"

"ಇನ್ನೆರಡು ಪತ್ರ ಉಳಿದಿದ್ವು. ಓದಿ ಮುಗಿಸಿ ಬಂದು ಹೇಳಬೇಕು ಅಂದ್ಕೊಂಡಿದ್ದೆ."

ಆ ತನಕ ಅವರ ಮೇಲೆ ಗೀತಾಂಜಲಿಗೆ ಕನಿಕರವೇ ಇತ್ತು. ಈಗ ಅವರ ಮುಖ ನೋಡಲಾಗದೆ ಹೇಳಿಕೆಯನ್ನು ರುಜುವಿಗೆ ಮುಂದೆ ತಳ್ಳಿದಳು.

ಸುದ್ದಿ ಹೇಳಿದಾಗ ಹುಲುಗಮ್ಮ ಕೇಳಿದ್ದು ಒಂದೇ. "ನನಗ ಹೇಳಿದ್ರ ಏನ್ ಬಂತ್ರಿ? ಸಾಲಿಗೆ ಬಂದು ಹೇಳ್ರಿ." ಮರುದಿನ ಊಟದ ಹೊತ್ತಿಗೆ ಗೀತಾಂಜಲಿ ಭರತ್‌ನನ್ನೂ ಕರೆದುಕೊಂಡು ಅವಳ ಜೊತೆ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯರು, ಅಡುಗೆಯವರು, ಮಕ್ಕಳು, ಎಲ್ಲರ ಎದುರು ನಿಂತು ಹೇಳಿದಳು: "ಹುಲುಗಮ್ಮ ಕದ್ದಿಲ್ಲ. ಕದ್ದೋರು ಸಿಕ್ಕಾರ. ಈಕಿ ಮನಿ ಮುಂದ ಜೀಪು ನಿಲ್ಲಿಸಿದ್ದು ನನ್ನ ತಪ್ಪು."

ಮುಖ್ಯೋಪಾಧ್ಯಾಯರು ಅಡುಗೆ ಕೋಣೆಯ ಕಡೆ ಕೈ ತೋರಿಸಿದರು. ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅನ್ನದ ಪಾತ್ರೆಯ ಮುಂದೆ ಕೂತಳು. ಭರತ್ ಹತ್ತಿರ ಹೋಗಿ, ನಾಳೆಯಿಂದ ಕೆಲಸಕ್ಕೆ ಬಾ ಎಂದು ನಾಗರತ್ನಮ್ಮ ಹೇಳಿಕಳಿಸಿದ್ದಾರೆ ಎಂದ.

"ಬರಂಗಿಲ್ಲ ಅಂತ ಹೇಳಪ್ಪಾ," ಎಂದು ಹುಲುಗಮ್ಮ ಸೌಟು ತುಂಬಿ, ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗಿಯ ತಟ್ಟೆಗೆ ಅನ್ನ ನೀಡಿದಳು.